ಗುಸುಗುಸು ಕಾಕು

ಆಗ ಬನಹಟ್ಟಿಯ ನಮ್ಮ ಓಣಿಯಲ್ಲಿ ಮಾತಾಡುವುದು ಮತ್ತು ಒದರುವುದು ಬೇರೆ ಬೇರೆ ಕೆಲಸಗಳಾಗಿರಲಿಲ್ಲ. ಮನೆಗೊಂದು ಮಗ್ಗದ ಕೋಣೆ, ಅದಕ್ಕೆ ಅಂಟಿಕೊಂಡು ಪಡಸಾಲೆ, ಹಿಂದೆ ಅಡಿಗೆಮನೆ. ನಮ್ಮಲ್ಲಿ ನಾಲ್ಕು ಪವರ್‌ಲೂಮು, ಎದುರಿನ ಗಂಗವ್ವನ ಮನೆಯಲ್ಲಿ ಆರು. ಇಡೀ ಓಣಿಯದನ್ನು ಕೂಡಿಸಿದರೆ ಎಷ್ಟಾಗುತ್ತಿತ್ತೋ, ಎಣಿಸಿದವರಿಲ್ಲ. ಬೆಳಗಿನ ಚಹಾ ಕುದಿಯುವ ಮೊದಲೇ ಶುರುವಾದ ಖಟಖಟ ಸಂಜೆ ದೀಪ ಹಚ್ಚಿದ ಮೇಲೂ ನಿಲ್ಲುತ್ತಿರಲಿಲ್ಲ. ಆ ಸದ್ದಿನಲ್ಲಿ ಹುಟ್ಟಿ, ನೂಲಿಗೆ ಹಾಕುವ ಗಂಜಿಯ ಹುಳಿವಾಸನೆಯಲ್ಲಿ ರೊಟ್ಟಿ ತಿಂದು ಬೆಳೆದ ನಮಗೆ ಅದು ಕೇಳಿಸುತ್ತಲೇ ಇರಲಿಲ್ಲ. ಗಂಟಲು ಮಾತ್ರ ನಮಗೆ ಹೇಳದೆ ಕೇಳದೆ ಏರಿ ಕೂತಿತ್ತು. ಜಮಖಂಡಿ ಬಸ್ಸಿಗೆ ನಾವು ನಾಲ್ಕು ಜನ ಹಿಂದಿನ ಬಾಗಿಲಿನಿಂದ ಹತ್ತಿದರೆ, ಮುಂದೆ ನಿಂತ ಕಂಡಕ್ಟರ್ ತಿರುಗಿಯೂ ನೋಡದೆ, ಬನಹಟ್ಟಿ ಮಂದಿ ಏರಿದ್ರು ಎನ್ನುತ್ತಿದ್ದ.

ಕಿವಿ ಸೋತಲ್ಲಿ ಕಣ್ಣು ಕೆಲಸ ಮಾಡುತ್ತಿತ್ತು. ಮಗ್ಗದ ಕೋಣೆಯ ಆ ತುದಿಯಲ್ಲಿ ಅಪ್ಪ ಬಾಯಿ ಆಡಿಸಿದರೆ ಈ ತುದಿಯಲ್ಲಿದ್ದ ಅವನ ತಮ್ಮ, ನಮ್ಮ ಮಲ್ಲು ಕಾಕಾ, ಯಾವ ಮಗ್ಗದಲ್ಲಿ ಎಳೆ ಕಡಿದಿದೆ ಎಂದು ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದ. ಓಣಿಯ ಹೆಂಗಸರು ಎರಡು ಕಟ್ಟೆಗಳ ಮೇಲೆ ಎದುರುಬದುರು ಕೂತು, ನಡುವೆ ಎತ್ತಿನ ಗಾಡಿ ಹೋದರೂ ಮಾತು ಕಡಿಯದಂತೆ ತುಟಿಗಳಲ್ಲೇ ಸುದ್ದಿ ದಾಟಿಸುತ್ತಿದ್ದರು. ನಾವು ಹುಡುಗರು ಸಾಲೆಯಲ್ಲಿ ಮಾಸ್ತರರ ಬೆನ್ನ ಹಿಂದೆ ಸದ್ದೇ ಇಲ್ಲದೆ ಇಡೀ ಜಗಳ ಆಡಿ, ಸೋತು ಗೆದ್ದು, ಮುಗಿಸಿಬಿಡುತ್ತಿದ್ದೆವು.

ನಾನು ನಾಲ್ಕನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಈ ಓಣಿಗೆ ಕಸ್ತೂರಿ ಕಾಕು ಬಂದಳು, ಮಲ್ಲು ಕಾಕಾನ ಹೆಂಡತಿಯಾಗಿ. ಹುನ್ನೂರಿನವಳು. ಊರೊಳಗಿನ ಮನೆಯೂ ಅಲ್ಲ, ಕಬ್ಬಿನ ನಡುವಿನ ತೋಟದ ಮನೆ. ಮದುವೆಯ ಮರುದಿನ ಬೆಳಿಗ್ಗೆ ಅವಳು ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಏನೋ ಕೇಳಿದಳು. ಆಯಿಗೆ ಕೇಳಿಸಲಿಲ್ಲ. ತುಟಿ ನೋಡೋಣವೆಂದರೆ ಕಾಕು ಸೆರಗಿನ ಚುಂಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಅವಳ ತವರಿನಲ್ಲಿ ಹಿರಿಯರ ಮುಂದೆ ಹಾಗೆ ಮಾತಾಡುವುದೇ ಮರ್ಯಾದೆ. ಆಯಿ ಎರಡು ಸಲ ಏನು ಎಂದಳು. ಕಾಕು ಎರಡು ಸಲವೂ ಇನ್ನಷ್ಟು ವಿನಯದಿಂದ, ಅಂದರೆ ಇನ್ನಷ್ಟು ಮೆಲ್ಲಗೆ, ಸೆರಗನ್ನು ಇನ್ನಷ್ಟು ಒತ್ತಿ ಹಿಡಿದು ಹೇಳಿದಳು. ಮೂರನೆಯ ಸಲ ಆಯಿ ನನ್ನ ಅವ್ವನ ಕಡೆ ತಿರುಗಿದಳು.

“ಇದೇನ ಬೇ, ಮನ್ಯಾಗ ಕಾಲಿಡೂದ್ರಾಗ ಮುಚ್ಚುಮರಿ ಸುರು ಮಾಡ್ಯಾಳ.”

ಆಯಿ ಅದನ್ನು ತನಗೆ ತಾನೇ ಎಂಬಂತೆ ಹೇಳಿಕೊಂಡಿದ್ದಳು. ಅಂದರೆ ನಾಲ್ಕು ಮನೆಗೆ ಕೇಳಿಸಿತ್ತು.

ಓಣಿಯ ಲೆಕ್ಕ ಸರಳವಾಗಿತ್ತು. ಮುಚ್ಚಿಡುವುದು ಏನೂ ಇಲ್ಲದವರು ಒದರುತ್ತಾರೆ. ಮೆಲ್ಲಗೆ ಮಾತಾಡುವವರ ಹೊಟ್ಟೆಯಲ್ಲಿ ಏನೋ ಇರುತ್ತದೆ. ಈ ನಿಯಮವನ್ನು ಯಾರೂ ಮಾಡಿರಲಿಲ್ಲ. ಮಗ್ಗಗಳು ಮಾಡಿದ್ದವು. ಆದರೆ ಕಾಕು ಬರುವ ತನಕ ಅಂಥದೊಂದು ನಿಯಮ ಇದೆಯೆಂದು ನಮಗೆ ಗೊತ್ತೇ ಇರಲಿಲ್ಲ. ಯಾಕೆಂದರೆ ಅದನ್ನು ಮುರಿದವರೇ ಇರಲಿಲ್ಲ.

ಹೆಸರು ಇಟ್ಟದ್ದು ನಾನು. ಹಾಗೆಂದು ನನ್ನ ಅಕ್ಕ ಶೋಭಾ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಗಂಗವ್ವನ ಮೊಮ್ಮಗ ಇಟ್ಟದ್ದು. ಏನೇ ಇರಲಿ, ಒಂದು ಮಧ್ಯಾಹ್ನ ನಾವು ನೂಲು ತೀರಿದ ಖಾಲಿ ಕಂಡಿಕೆಗಳನ್ನು ಸಾಲಾಗಿ ನಿಲ್ಲಿಸಿ ಚೆಂಡಿನಿಂದ ಬೀಳಿಸುವ ಆಟ ಆಡುತ್ತಿದ್ದಾಗ, ನಮ್ಮಲ್ಲೊಬ್ಬ, “ಲೇ, ಗುಸುಗುಸು ಕಾಕು ಬಂದ್ಳು,” ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಸಂಜೆಯ ಹೊತ್ತಿಗೆ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಆ ಹೆಸರು ಓಡಾಡಿತು. ಮರುದಿನದಿಂದ ಅದಕ್ಕೆ ಕೈಕಾಲು ಬಂದವು. ಮಗ್ಗದ ಹಾಸಿನ ಎಳೆ ಕಡಿದರೆ, ಗುಸುಗುಸು ನೋಡ್ಯಾಳೇನು ಎಂದು ಕೇಳುವುದು. ನಳದ ಹತ್ತಿರ ಅವಳು ಕೊಡ ಇಟ್ಟರೆ ಉಳಿದವರ ಮಾತು ನಿಲ್ಲುವುದು. ಅದೇ ಹೆಂಗಸು, ಅದೇ ದನಿ. ಆದರೆ ಹೆಸರು ಬರುವ ಮೊದಲು ಅವಳು ಮೆಲ್ಲಗೆ ಮಾತಾಡುವ ಹುಡುಗಿ. ಹೆಸರು ಬಂದ ಮೇಲೆ ಅವಳು ಏನು ಮಾಡಿದರೂ ಗುಸುಗುಸುವೇ. ಎಷ್ಟೋ ವರ್ಷಗಳ ಮೇಲೆ ಧಾರವಾಡದಲ್ಲಿ ಸಮಾಜಶಾಸ್ತ್ರದ ತರಗತಿಯಲ್ಲಿ ಕೂತಿದ್ದಾಗ ನಮ್ಮ ಮೇಷ್ಟ್ರು ಇದನ್ನೇ ಇಡೀ ಒಂದು ತಾಸು ವಿವರಿಸಿದರು. ತಪ್ಪು ಎಂಬುದು ನಡತೆಯಲ್ಲಿ ಇರುವುದಿಲ್ಲ, ನೋಡಿ ಹೆಸರಿಡುವವರಲ್ಲಿ ಇರುತ್ತದೆ ಎಂದು. ಎಲ್ಲರೂ ಬರೆದುಕೊಂಡರು. ನಾನು ಬರೆದುಕೊಳ್ಳಲಿಲ್ಲ. ನನಗದು ಪಾಠವಾಗಿ ಕೇಳಿಸಲಿಲ್ಲ, ಚಾಡಿಯಾಗಿ ಕೇಳಿಸಿತು. ಯಾರೋ ನಮ್ಮ ಓಣಿಯ ಸುದ್ದಿಯನ್ನು ಇಷ್ಟು ದೂರ ತಂದು ಹೇಳಿಬಿಟ್ಟಿದ್ದಾರೆ ಎನ್ನಿಸಿತು.

ಆಯಿ ಸುಮ್ಮನೆ ಕೂರುವವಳಲ್ಲ. ಸೊಸೆಯನ್ನು ತಿದ್ದಲು ಹೊರಟಳು. ಕಾಕುವನ್ನು ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ, ತಾನು ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತು, ರೊಟ್ಟಿ ಆದುವು ಎಂದು ಕೂಗಿಸುವುದು. ನಾನೂ ಶೋಭಾಳೂ ನಡುವೆ ನಿಂತು ದನಿ ಎಲ್ಲಿಯವರೆಗೆ ಬಂತು ಎಂದು ನೋಡುವುದು. ಮೊದಲ ದಿನ ಅದು ತುಳಸಿಕಟ್ಟೆ ದಾಟಲಿಲ್ಲ. ಎರಡನೆಯ ದಿನ ಅಡಿಗೆಮನೆಯ ಹೊಸ್ತಿಲಿಗೆ ಬಂದು ಬಿತ್ತು. ಮೂರನೆಯ ದಿನ ಕಾಕು ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ಜೀವ ಹೋಗುವ ಹಾಗೆ ಕೂಗಿದಳು. ಕೆಮ್ಮು ಬಂತು. ಕೆಮ್ಮು ಮಾತ್ರ ಆಯಿಗೆ ಚೆನ್ನಾಗಿ ಕೇಳಿಸಿತು.

ಹೊಲದವರು ಒದರುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ನಾನೂ ಅವಳನ್ನು ಕೇಳಿದ್ದೆ.

“ಒದರತೀವಿ. ದೂರ ಇದ್ದೋರ್ನ ಕರೀಬೇಕಾದ್ರ ಒದರತೀವಿ,” ಎಂದಳು. “ಇಲ್ಲೇ ಬಗಲಾಗ ಕುಂತೋರಿಗೆ ಯಾಕ ಒದರಬೇಕೋ ಬಸು?”

ಇದು ನನಗೆ ಕೇಳಿಸಿದ್ದು ಅವಳ ಬಗಲಲ್ಲೇ ಕೂತಿದ್ದರಿಂದ. ಅದೇ ನನ್ನ ಆ ಬೇಸಿಗೆಯ ದೊಡ್ಡ ಸುಖ. ರಜೆ. ಹೊರಗೆ ಬಿಸಿಲು ಅಂಗಾಲು ಸುಡುತ್ತಿತ್ತು. ಒಳಗೆ ಕಾಕು ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಅವಳ ಮಾತು ಕೇಳಬೇಕಾದರೆ ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ಯಬೇಕಿತ್ತು. ಲವಂಗದ ವಾಸನೆ, ಹೊಸ ಸೀರೆಯ ವಾಸನೆ, ಕೊರಳ ಹತ್ತಿರ ಬೆವರಿನ ವಾಸನೆ. ಅವಳು ಹೇಳುವ ಸುದ್ದಿಗಳಾದರೂ ಎಂಥವು. ಗಾಣದ ಕಡಾಯಿಯಲ್ಲಿ ಕಬ್ಬಿನ ಹಾಲು ಉಕ್ಕುವಾಗ ನೊರೆಯನ್ನು ಕಬ್ಬಿನ ಸಿಪ್ಪೆಯ ಮೇಲೆ ಎತ್ತಿ ನೆಕ್ಕುವುದು. ಕಬ್ಬು ಕಡಿಯುತ್ತ ಕಡಿಯುತ್ತ ಕೊನೆಯ ಮಡಿ ಉಳಿದಾಗ ಅದರೊಳಗಿಂದ ನರಿಯೊಂದು ಹಾರಿ, ಎಲ್ಲರ ನಡುವೆ ನಿಂತು, ಯಾವ ಕಡೆ ಓಡಲಿ ಎಂದು ಒಂದು ಗಳಿಗೆ ಯೋಚನೆ ಮಾಡಿದ್ದು. ನಮ್ಮ ಮನೆಯಲ್ಲಿ ಇಷ್ಟು ಹತ್ತಿರದಿಂದ ನನಗೆ ಯಾರೂ ಏನನ್ನೂ ಹೇಳಿರಲಿಲ್ಲ. ಅವ್ವ ಪ್ರೀತಿಯನ್ನೂ ಮೂರು ಮಾರು ದೂರದಿಂದ ಒದರಿ ಹೇಳುವವಳು.

ಇಷ್ಟೆಲ್ಲ ಕೇಳಿ ಎದ್ದು ಹೊರಗೆ ಹೋಗಿ ನಾನು ಗೆಳೆಯರ ಮುಂದೆ, ಗುಸುಗುಸು ಕಾಕು ಇವತ್ತು ಏನೇನು ಗುಟ್ಟು ಹೇಳಿದಳು ಗೊತ್ತೇನು ಎಂದು ಹುಬ್ಬು ಹಾರಿಸುತ್ತಿದ್ದೆ. ಏನೂ ಹೇಳುತ್ತಿರಲಿಲ್ಲ, ಹುಬ್ಬು ಮಾತ್ರ. ಅಷ್ಟರಿಂದಲೇ ನನ್ನ ಬೆಲೆ ಏರುತ್ತಿತ್ತು.

ಗಂಗವ್ವನ ಮಗಳು ನೀಲಾಳನ್ನು ನೋಡಲು ಮುಧೋಳದಿಂದ ಗಂಡಿನ ಕಡೆಯವರು ಬಂದದ್ದು ಅದೇ ದಿನಗಳಲ್ಲಿ. ಗಂಗವ್ವ ಓಣಿಯ ದೊಡ್ಡ ಗಂಟಲು. ಅವಳು ನಳದ ಹತ್ತಿರ ಮಾತಾಡಿದರೆ ರಬಕವಿಗೆ ಕೇಳಿಸುತ್ತದೆ ಎಂದು ನಮ್ಮ ಅಪ್ಪ ಹೇಳುತ್ತಿದ್ದ. ಆ ದಿನ ಓಣಿಯ ಅರ್ಧ ಹೆಂಗಸರು ಅವಳ ಮನೆಯಲ್ಲಿ ಕೆಲಸಕ್ಕೆ ನಿಂತಿದ್ದರು. ನಾನು ಚುರುಮುರಿಯ ಸೂಸಲಾ ಮತ್ತು ಮಿರ್ಚಿಯ ಆಸೆಗೆ ಪಡಸಾಲೆಯ ಮೂಲೆ ಹಿಡಿದಿದ್ದೆ. ಕಾಕುಗೆ ಚಹಾದ ತಾಟು ಕೊಟ್ಟು ಕಳಿಸಿದರು. ಅವಳು ಗಂಡಿನ ತಾಯಿಯ ಮುಂದೆ ಬಗ್ಗಿ, ಸೆರಗು ಬಾಯಿಗೆ ಅಡ್ಡ ಹಿಡಿದು, ಏನೋ ಹೇಳಿದಳು. ಆ ಹೆಂಗಸು ತಲೆ ಆಡಿಸಿದರು. ಇದನ್ನು ಬಾಗಿಲ ಸಂದಿಯಿಂದ ಎಂಟು ಜೋಡಿ ಕಣ್ಣು ನೋಡಿದವು. ಒಂದು ಜೋಡಿಗೂ ತುಟಿ ಕಾಣಲಿಲ್ಲ.

ಮೂರು ದಿನಕ್ಕೆ ಮುಧೋಳದಿಂದ ಸುದ್ದಿ ಬಂತು. ಸಂಬಂಧ ಬೇಡವಂತೆ. ಹುಡುಗಿಯ ವಯಸ್ಸಿನ ವಿಷಯದಲ್ಲಿ ಖರೆ ಹೇಳಲಿಲ್ಲವಂತೆ.

ಯಾರು ಹೇಳಿದರು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಆಗಲೇ ಗೊತ್ತಿತ್ತು. ಗಂಗವ್ವ ನಮ್ಮ ಅಂಗಳಕ್ಕೆ ಬಂದು ನಿಂತಳು. ಗುಸುಗುಸು ಈ ಮನೆಯಲ್ಲಿ ಇರುವ ತನಕ ನಿಮ್ಮ ಮನೆಯ ಕಂಡಿಕೆ ಸುತ್ತಲು ಓಣಿಯ ಒಬ್ಬ ಹೆಂಗಸೂ ಬರುವುದಿಲ್ಲ, ನಿಮ್ಮ ಕೊಡ ನಮ್ಮ ಕೊಡದ ಸಾಲಿನಲ್ಲಿ ಇಡುವುದಿಲ್ಲ ಎಂದಳು. ಕಾಕುವನ್ನು ತವರಿಗೆ ಕಳಿಸುವ ಮಾತು ಅಲ್ಲಿಯೇ ಹುಟ್ಟಿತು. ಬರುವ ಗುರುವಾರ ಓಣಿಯ ಹಿರಿಯರು ನಾಲ್ಕು ಜನ ನಮ್ಮ ಪಡಸಾಲೆಯಲ್ಲಿ ಕೂತು ತೀರ್ಮಾನ ಮಾಡುವುದೆಂದಾಯಿತು. ಮಲ್ಲು ಕಾಕಾ ಮಗ್ಗ ಬಿಟ್ಟು ಮೇಲೇಳಲಿಲ್ಲ. ಕಾಕು ಆ ದಿನ ಕಂಡಿಕೆ ಸುತ್ತುತ್ತ ನನಗೆ ಹೇಳಿದ್ದು ಇಷ್ಟೇ: ಇನ್ನೊಂದು ಚಮಚ ಸಕ್ಕರಿ ಹಾಕಲೇನು ಅಂತ ಕೇಳಿದ್ದೆ.

ಆ ಗುರುವಾರಕ್ಕೆ ಇನ್ನೂ ಆರು ದಿನ ಇರುವಾಗ, ಶುಕ್ರವಾರ ಮಧ್ಯಾಹ್ನ, ಓಣಿಯ ಮೂಲೆಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು.

ಬಾಂಬು ಹಾರಿದಂಥ ಸದ್ದು, ಒಂದು ನೀಲಿ ಬೆಂಕಿ, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ಹೇಗೆ ಹೇಳಲಿ. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಅರ್ಧ ತಾಸು ಕರೆಂಟು ಹೋಗುವುದು ಹೊಸದಲ್ಲ. ಆಗ ಗಂಡಸರೆಲ್ಲ ಚಹಾದಂಗಡಿಗೆ ಹೋಗಿ, ಬರುವುದರೊಳಗೆ ಮತ್ತೆ ಖಟಖಟ. ಈ ಸಲ ಸಂಜೆಯಾದರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಹೊಸ ಟ್ರಾನ್ಸ್‌ಫಾರ್ಮರ್ ಬರಬೇಕು, ಬರಲು ದಿನ ಹಿಡಿಯುತ್ತದೆ ಎಂದರು. ಐದು ದಿನ ಎಂದು ನನ್ನ ನೆನಪು. ಶೋಭಾ ಮೂರು ಎನ್ನುತ್ತಾಳೆ. ಆದರೆ ಮೂರು ದಿನದಲ್ಲಿ ಅಷ್ಟೆಲ್ಲ ಆಗಲು ಸಾಧ್ಯವಿಲ್ಲ.

ಯಾಕೆಂದರೆ ಕಿವಿ ಬಂದವು ನಮಗೆ. ಬಾವಿಯ ಹಗ್ಗ ಕಿರುಗುಟ್ಟುವುದು ಕೇಳಿಸಿತು. ಪಾರಿವಾಳಗಳು ಮಾಡಿನಲ್ಲಿ ಗುಟುರು ಹಾಕುವುದು ಕೇಳಿಸಿತು, ಅವು ಅಲ್ಲಿ ಎಷ್ಟು ವರ್ಷಗಳಿಂದ ಇದ್ದವೋ. ಚಪ್ಪಲಿಯ ಸದ್ದಿನಿಂದಲೇ ಯಾರು ಬಂದರೆಂದು ಹೇಳುವ ಆಟ ಕಟ್ಟಿದೆವು. ಚಿಣಿಫಣಿ, ಅಂದರೆ ಚಿನ್ನಿದಾಂಡು, ಆಡುವಾಗ ಚಿಣಿ ಗಾಳಿ ಸೀಳುವ ಸದ್ದು ಕೇಳಿ ನಾವು ಕುಣಿದಾಡಿದೆವು. ಎಲ್ಲಕ್ಕಿಂತ ದೊಡ್ಡ ಮಜಾ ಬೇರೆ ಇತ್ತು. ದೊಡ್ಡವರ ಗಂಟಲು ಇನ್ನೂ ಇಳಿದಿರಲಿಲ್ಲ. ಅವರು ಅಡಿಗೆಮನೆಯಲ್ಲಿ ಗುಟ್ಟು ಎಂದು ತಿಳಿದು ಆಡಿದ ಮಾತು ಓಣಿಯ ಉದ್ದಕ್ಕೂ ಹೋಗಿ ಬೀಳುತ್ತಿತ್ತು. ಮೂಲೆಮನೆಯ ಸೊಸೆ ಗಂಡನಿಗೆ, ನಿಮ್ಮ ಅವ್ವ ಊರಿಗೆ ಹೋಗುವುದು ಯಾವಾಗ ಎಂದು ಕೇಳಿದ್ದಕ್ಕೆ ಅವಳ ಅತ್ತೆ ಮೂರು ಮನೆ ಆಚೆಯ ಕಟ್ಟೆಯ ಮೇಲಿಂದ ಉತ್ತರ ಕೊಟ್ಟಳು. ನಮ್ಮ ಅಪ್ಪ ಬಚ್ಚಲಲ್ಲಿ ಕೂತು ಒಬ್ಬ ವ್ಯಾಪಾರಿಗೆ ಬೈದದ್ದು, ಪಡಸಾಲೆಯಲ್ಲಿ ಕಾಯುತ್ತ ಕೂತಿದ್ದ ಅದೇ ವ್ಯಾಪಾರಿಗೆ ಕೇಳಿಸಿತು. ನಾವು ಹುಡುಗರು ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಓಡಿ ಓಡಿ ಸುದ್ದಿ ಹೊತ್ತೆವು. ಊಟ ಬೇಡ, ನೀರು ಬೇಡ. ಅಂಥ ಹಬ್ಬವನ್ನು ನಾನು ಮತ್ತೆ ನೋಡಿಲ್ಲ.

ಎರಡನೆಯ ದಿನಕ್ಕೆ ಓಣಿ ನಾಚಿಕೊಂಡಿತು. ಹೆಂಗಸರು ಮಾತು ಶುರು ಮಾಡುವ ಮೊದಲು ಗೋಡೆಯ ಕಡೆ ನೋಡತೊಡಗಿದರು. ಮೆಲ್ಲಗೆ ಮಾತಾಡಲು ಹೋದರೆ ಬರುವುದಿಲ್ಲ. ಗಂಟಲು ಕೆರೆಯುತ್ತದೆ, ಇಲ್ಲವೇ ಉಸಿರು ಮಾತ್ರ ಹೊರಡುತ್ತದೆ. ಆಗ ಅವರಿಗೆ ನೆನಪಾದದ್ದು ಕಾಕು. ಮೊದಲು ಮೂಲೆಮನೆಯ ಸೊಸೆ ಬಂದಳು, ಏನೋ ಹೊಲಿಗೆಯ ನೆಪದಿಂದ. ಆಮೇಲೆ ಇಬ್ಬರು, ಆಮೇಲೆ ಐದಾರು ಜನ. ಇಳಿಹೊತ್ತಿಗೆ ನಮ್ಮ ಕಟ್ಟೆ ತುಂಬತೊಡಗಿತು. ಕಾಕು ಅದೇ ದನಿಯಲ್ಲಿ ಅದೇ ನರಿಯ ಸುದ್ದಿ ಹೇಳಿದಳು. ಓಣಿಯ ಆ ಬದಿಯವರೆಗೂ ಒಂದೊಂದು ಅಕ್ಷರ ಬಿಡಿಯಾಗಿ ಕೇಳಿಸಿತು. ಸೆರಗು ಯಾವಾಗ ಬಾಯಿಂದ ಇಳಿಯಿತೋ ಅವಳಿಗೇ ಗೊತ್ತಿಲ್ಲ. ಆಯಿ ಗಲ್ಲಕ್ಕೆ ಕೈ ಕೊಟ್ಟು ಕೂತು, “ನಮ್ಮ ಸಣ್ಣ ಸೊಸಿ ಮಾತಂದ್ರ ಹಾಲಾಗ ಬೆಲ್ಲ ಕರಗಿಸಿಧಾಂಗ ನೋಡ್ರಿ,” ಎಂದಳು. ತಾನು ಅವಳನ್ನು ಹಿತ್ತಲಲ್ಲಿ ನಿಲ್ಲಿಸಿ ಕೂಗಿಸಿದ್ದು ಅವಳಿಗೆ ನೆನಪೇ ಇರಲಿಲ್ಲ.

ಆ ದಿನಗಳಲ್ಲಿ ಓಣಿಯಲ್ಲಿ ತಪ್ಪಿತಸ್ಥೆ ಎಂದರೆ ಗಂಗವ್ವ. ಅವಳ ದನಿ ಹೇಗೂ ಇಳಿಯಲಿಲ್ಲ. ಹೊತ್ತುಗೊತ್ತು ಇಲ್ಲದೆ ಒದರುತ್ತಾಳೆ, ಒಂದು ರೀತಿ ಇಲ್ಲ, ರಿವಾಜು ಇಲ್ಲ ಎಂದು ಅವಳ ಬೆನ್ನ ಹಿಂದೆ ಆಡಿಕೊಂಡರು. ಅವಳು ನಳಕ್ಕೆ ಬಂದರೆ ಮಾತು ನಿಲ್ಲತೊಡಗಿತು. ನಾವು ಹುಡುಗರು ಅವಳಿಗೂ ಒಂದು ಹೆಸರು ಹುಡುಕುತ್ತಿದ್ದೆವು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ನಾನು ಗಂಗವ್ವನ ಪಡಸಾಲೆಯಲ್ಲಿ ಅವಳ ಮೊಮ್ಮಗನ ಸಂಗಡ ಗೋಲಿ ಆಡುತ್ತಿದ್ದೆ. ಒಳಗೆ ಅಡಿಗೆಮನೆಯಲ್ಲಿ ಗಂಗವ್ವ ನೀಲಾಳಿಗೆ ಗುಟ್ಟಾಗಿ ಹೇಳುತ್ತಿದ್ದಳು. ನಡುವೆ ಇಡೀ ಒಂದು ಗೋಡೆ.

“ಹ್ವಾದ ಸಲಾ ಇಪ್ಪತ್ತಂತ ಹೇಳಿ ಕೆಟ್ಟೆವಿ. ಇಪ್ಪತ್ನಾಕಂತ ನಿಮ್ಮ ಮಾವಶಿ ಎಲ್ಲೆರ ಬಾಯಿ ಬಿಟ್ಟಾಳಂತ ಅಕಿಗೆ ಆ ದಿನಾ ಇಲ್ಲೇ ಒಲಿ ಮುಂದ ಎಷ್ಟ ಸಲ ಹೇಳೇನಿ.”

ನನ್ನ ಕೈಯಲ್ಲಿದ್ದ ಗೋಲಿ ಅಲ್ಲೇ ನಿಂತಿತು. ಮುಧೋಳದವರು ಬಂದ ದಿನ ಇದೇ ಪಡಸಾಲೆಯಲ್ಲಿ, ಇದೇ ಮೂಲೆಯಲ್ಲಿ ನಾನು ಕೂತಿದ್ದೆ. ಚಹಾ ಬರುವ ಮೊದಲು ಸ್ವಲ್ಪ ಹೊತ್ತು ಗಂಡಿನ ತಂದೆ ಟವೆಲ್ಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು, ಯಾಕೆಂದರೆ ಫ್ಯಾನು ನಿಂತಿತ್ತು. ಫ್ಯಾನು ನಿಂತದ್ದು ಕರೆಂಟು ಹೋದದ್ದರಿಂದ. ಕರೆಂಟು ಹೋಗಿದ್ದರೆ ಮಗ್ಗಗಳೂ ನಿಂತಿದ್ದವು. ಮಗ್ಗ ನಿಂತ ಆ ಹೊತ್ತಿನಲ್ಲಿ ಗಂಗವ್ವ ಒಲೆಯ ಮುಂದೆ ತಂಗಿಗೆ, ಇಪ್ಪತ್ತನಾಲ್ಕು ಎಂದು ಯಾರ ಮುಂದೂ ಹೇಳಬೇಡ ಎಂದು ಗುಟ್ಟಾಗಿ ಹೇಳಿದ್ದಳು. ತನ್ನ ಗಂಟಲಿನಲ್ಲಿ. ನನ್ನ ಲಕ್ಷ್ಯವೆಲ್ಲ ಮಿರ್ಚಿಯ ಮೇಲಿತ್ತು, ಗಂಡಿನವರು ಪಡಸಾಲೆಯಲ್ಲಿ ಕೂತು ಸೂಸಲಾ ತಿನ್ನುತ್ತ ಕೇಳಿಸಿಕೊಂಡಿದ್ದರು.

ಮನೆಗೆ ಓಡಿಬಂದು ಶೋಭಾಳಿಗೆ ಹೇಳಿದೆ. ಒಂಬತ್ತು ವರ್ಷದ ಹುಡುಗ ಒಬ್ಬನೇ ಫ್ಯಾನಿನಿಂದ ಗಂಗವ್ವನ ಗಂಟಲಿನವರೆಗೆ ದಾರಿ ಹುಡುಕಿದನೇ ಎಂದು ಇವತ್ತು ನನಗೇ ಅನುಮಾನ. ನಾನು ಕೇಳಿದ ಮಾತನ್ನು ತಂದಿರಬೇಕು, ಶೋಭಾ ಫ್ಯಾನನ್ನು ಸೇರಿಸಿರಬೇಕು. ಇಬ್ಬರೂ ಹಿತ್ತಲಲ್ಲಿ ಕೈ ಕೈ ಹಿಡಿದು ಜಿಗಿದಾಡಿದ್ದು ಮಾತ್ರ ಖರೆ.

ಆದರೆ ಆ ದಿನ ಯಾರಿಗೂ ಹೇಳಲಿಲ್ಲ. ಯಾಕೆ ಹೇಳಬೇಕಿತ್ತು? ಗುರುವಾರದ ಮಾತನ್ನು ಎಲ್ಲರೂ ಮರೆತಂತಿತ್ತು. ಕಾಕು ಕಟ್ಟೆಯ ರಾಣಿಯಾಗಿದ್ದಳು. ಸ್ವತಃ ಗಂಗವ್ವನೇ ಒಂದು ಸಂಜೆ ತನ್ನ ಬಾಗಿಲಲ್ಲಿ ನಿಂತು ನರಿಯ ಸುದ್ದಿ ಪೂರ್ತಿ ಕೇಳಿದ್ದಳು. ಹೇಳಿದರೆ ಅವಳ ಮನೆಯ ಚುರುಮುರಿ ನನಗೆ ಬಂದ್ ಆಗುತ್ತಿತ್ತು, ಅದೂ ಇತ್ತು.

ಬುಧವಾರ ಸಂಜೆ ಕರೆಂಟು ಬಂತು. ಗುರುವಾರ ಬೆಳಿಗ್ಗೆ, ಕಳೆದ ದಿನಗಳನ್ನೆಲ್ಲ ಒಂದೇ ದಿನದಲ್ಲಿ ನೇಯ್ದು ಮುಗಿಸುವವರ ಹಾಗೆ ಓಣಿಯ ಅಷ್ಟೂ ಮಗ್ಗಗಳು ಓಡುತ್ತಿದ್ದವು. ಹತ್ತು ಗಂಟೆಗೆ ಹಿರಿಯರು ಬಂದು ನಮ್ಮ ಪಡಸಾಲೆಯ ಜಮಖಾನೆಯ ಮೇಲೆ ಕೂತರು. ಮಗ್ಗ ನಿಲ್ಲಿಸುವ ಯೋಚನೆ ಯಾರಿಗೂ ಬರಲಿಲ್ಲ. ಆ ಸದ್ದು ಇದೆ ಎಂಬುದನ್ನೇ ಅವರು ಆಗಲೇ ಮತ್ತೆ ಮರೆತಿದ್ದರು. ಗಂಗವ್ವ ಮೊದಲು ಮಾತಾಡಿದಳು. ಅವಳ ದನಿ ಆ ಖಟಖಟದೊಳಗೆ ಎಷ್ಟು ಸರಿಯಾಗಿ ಕೂತಿತ್ತೆಂದರೆ, ಐದು ದಿನ ಅದೇ ದನಿಗೆ ಮುಖ ಸೊಟ್ಟ ಮಾಡಿದವರು ಹೌದು ಹೌದು ಎಂದು ತಲೆ ಆಡಿಸಿದರು. ಹಿರಿಯರಲ್ಲಿ ದೊಡ್ಡವನಾದ ಈರಪ್ಪಜ್ಜ ಕಾಕುವಿನ ಕಡೆ ತಿರುಗಿದ. ಒಳ್ಳೆಯ ಮನುಷ್ಯ, ನ್ಯಾಯವಾಗಿಯೇ ಕೇಳಿದ.

“ಆ ದಿನಾ ಆ ಹೆಣ್ಮಗಳ ಮುಂದ ಏನ ಅಂದಿ ತಂಗಿ? ಎಲ್ಲಾರಿಗೂ ಕೇಳೂಹಂಗ ಹೇಳು.”

ಹಿರಿಯರ ಮುಂದೆ ನಿಂತ ಕಾಕುವಿನ ಕೈ ತಾನಾಗಿ ಸೆರಗಿಗೆ ಹೋಯಿತು. ಅವಳು ಹೇಳಿದಳು. ಸಕ್ಕರೆಯ ಮಾತು ಹೇಳಿದಳು ಎಂದು ನನಗೆ ಗೊತ್ತು. ಯಾರಿಗೂ ಏನೂ ಕೇಳಿಸಲಿಲ್ಲ, ಏನೂ ಕಾಣಿಸಲಿಲ್ಲ.

“ನೋಡ್ರಿ,” ಎಂದಳು ಗಂಗವ್ವ, “ದೈವದ ಹಿರ್ಯಾರ ಮುಂದನೂ ಅದ ಆಟಾ.”

ಮುಗಿಯಿತು. ಬೇರೆ ಸಾಕ್ಷಿ ಬೇಕಾಗಲಿಲ್ಲ. ನಾಲ್ಕು ದಿನ ತವರಿಗೆ ಹೋಗಿ ಬರಲಿ ಎಂದರು. ನಾಲ್ಕು ದಿನ ಎಂದರೆ ಎಷ್ಟು ದಿನ ಎಂದು ಎಲ್ಲರಿಗೂ ತಿಳಿದಿತ್ತು. ಆಗ ನಾನು ಎದ್ದು ನಿಂತೆ. ಮುಧೋಳದವರಿಗೆ ಕೇಳಿಸಿದ್ದು ಗಂಗವ್ವನ ದನಿ, ಕಾಕುವಿನದಲ್ಲ ಎಂದು ಗಟ್ಟಿಯಾಗಿ ಒದರಿದೆ. ಹಾಗೆಂದು ನನ್ನ ನೆನಪು. ಮೂವತ್ತು ವರ್ಷ ಈ ನೆನಪಿನ ಮೇಲೆ ನಾನು ಒಳ್ಳೆಯ ಹುಡುಗನಾಗಿ ಬದುಕಿದೆ.

ಮಧ್ಯಾಹ್ನದ ಬಸ್ಸಿಗೆ ಕಾಕು ಹುನ್ನೂರಿಗೆ ಹೋದಳು. ಹಾಸಿನ ಎಳೆಗಳು ಮೊದಲಿನ ಹಾಗೆಯೇ ಕಡಿಯುತ್ತಿದ್ದವು. ಹದಿನೈದು ದಿನಕ್ಕೆ ಮಲ್ಲು ಕಾಕಾ ಅವಳನ್ನು ನೋಡಿ ಬರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. ಮಹಾಲಿಂಗಪುರದ ಬೆಲ್ಲದ ಅಡತಿ ಅಂಗಡಿಯಲ್ಲಿ ಕೆಲಸ ಹಿಡಿದು ಅಲ್ಲಿಯೇ ಸಂಸಾರ ಹೂಡಿದ. ಮರುವರ್ಷ ನೀಲಾಳ ಮದುವೆ ಬೀಳಗಿಯ ಕಡೆ ಆಯಿತು, ಅವಳು ಸುಖವಾಗಿದ್ದಾಳೆ. ಓಣಿಯಲ್ಲಿ ಗುಸುಗುಸು ಎಂಬ ಹೆಸರು ಯಾರದೆಂದು ಹೊಸ ಹುಡುಗರಿಗೆ ಗೊತ್ತಿಲ್ಲದೆ ಹೋಯಿತು.

ಹೋದ ವರ್ಷ ಒಂದು ಮದುವೆಯ ಊಟದಲ್ಲಿ ಶೋಭಾಳ ಮುಂದೆ ಈ ಸುದ್ದಿ ತೆಗೆದೆ. ಅವಳು ಅರ್ಧಕ್ಕೇ ತಡೆದಳು. ನೀನು ಆ ದಿನ ಬಾಯಿಯನ್ನೇ ಬಿಚ್ಚಲಿಲ್ಲ, ನಾನು ಅಲ್ಲೇ ಇದ್ದೆ, ಒಂದು ಶಬ್ದವೂ ಬರಲಿಲ್ಲ ಎಂದಳು. ನೆನಪನ್ನು ನಂಬಬೇಡಿ ಎಂದು ಹುಡುಗರಿಗೆ ಪಾಠ ಹೇಳುವ ನಾನು, ಆ ವಾರವೇ ಮಹಾಲಿಂಗಪುರಕ್ಕೆ ಹೋದೆ.

ಕಾಕುವಿನ ಕೂದಲು ಬೆಳ್ಳಗಾಗಿದೆ. ದನಿ ಹಾಗೆಯೇ ಇದೆ. ಬಸ್ ನಿಲ್ದಾಣದ ಹಿಂದಿನ ಮನೆ, ಹೊರಗೆ ಹಾರ್ನುಗಳ ಗದ್ದಲ. ನಾನು ಕುರ್ಚಿ ಎಳೆದುಕೊಂಡು ಹತ್ತಿರ ಕೂತು, ಬಂದ ಕಾರಣ ಹೇಳಿದೆ. ಅವಳು ನನ್ನ ಕಡೆ ಬಗ್ಗಿ ಹೇಳಿದಳು.

“ನೀ ಅಂದಿ. ಎದ್ದ ನಿಂತ ಅಂದಿ. ದನಿ ಬರಲಿಲ್ಲ ಅಷ್ಟ. ತುಟಿ ಆಡಿದ್ದ ನಾ ನೋಡೇನಿ.”

“ನಾ ಏನಂದೆ?”

“ಗಂಗವ್ವನ ದನಿ ಕೇಳಿತ್ತು ಅವರಿಗೆ ಅಂತ ಅಂದಿ.”

ಆ ಐದು ದಿನಗಳಲ್ಲಿ ನಾವು ಹುಡುಗರು ಮೆಲ್ಲಗೆ ಮಾತಾಡುವುದನ್ನು ಪಂದ್ಯ ಕಟ್ಟಿ ಕಲಿತಿದ್ದೆವು. ನನ್ನ ಗಂಟಲು ಇಳಿದಿತ್ತು. ಮಗ್ಗಗಳು ಏರಿದ್ದವು. ಅಷ್ಟು ಜನರಲ್ಲಿ ನನ್ನ ಮುಖವನ್ನು ನೋಡುತ್ತಿದ್ದವಳು ಅವಳೊಬ್ಬಳೇ. ಇದು ಖರೆ ಇರಬಹುದು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದೂ ಇರಬಹುದು. ಶೋಭಾ ವರ್ಷಕ್ಕೆರಡು ಸಲ ಅವಳ ಮನೆಗೆ ಹೋಗುತ್ತಾಳೆ, ಗಂಗವ್ವನ ವಿಷಯ ಅವಳೇ ಎಂದೋ ಹೇಳಿರಬಹುದು. ನಾನು ಹೊರಡುವಾಗ ಕಾಕು ಎರಡು ಬೆಲ್ಲದ ಪೆಂಟೆ ಕಟ್ಟಿಕೊಟ್ಟಳು. ಅವಳ ಇಬ್ಬರು ಮಕ್ಕಳ ಫೋಟೋ ಗೋಡೆಯ ಮೇಲಿತ್ತು. ಅವರ ಹೆಸರುಗಳನ್ನು ನಾನು ಕೇಳಿ ತಿಳಿದುಕೊಳ್ಳಬೇಕಾಯಿತು. ನಮ್ಮ ಪಡಸಾಲೆಯಲ್ಲಿ ಹುಟ್ಟಿ ಬೆಳೆಯಬೇಕಿದ್ದ ನನ್ನ ತಮ್ಮ, ನನ್ನ ತಂಗಿ.

ಬರುವ ದಾರಿಯಲ್ಲಿ ಬನಹಟ್ಟಿಯಲ್ಲಿ ಇಳಿದೆ. ನಮ್ಮ ಮಗ್ಗಗಳನ್ನು ಮಾರಿ ಬಹಳ ವರ್ಷಗಳಾದವು. ಮಗ್ಗದ ಕೋಣೆ, ಪಡಸಾಲೆ ಎರಡನ್ನೂ ಒಬ್ಬ ನೂಲಿನ ವ್ಯಾಪಾರಿ ಗೋದಾಮಿಗೆ ಇಟ್ಟುಕೊಂಡಿದ್ದಾನೆ. ಓಣಿಯಲ್ಲಿ ಈ ತುದಿಗೆ ಎರಡು, ಆ ತುದಿಗೆ ನಾಲ್ಕು ಮನೆಗಳಲ್ಲಿ ಮಾತ್ರ ಮಗ್ಗ ಓಡುತ್ತಿವೆ. ಚೀಲಗಳ ನಡುವೆ ದಾರಿ ಮಾಡಿಕೊಂಡು, ಆ ಗುರುವಾರ ನಾನು ನಿಂತಿದ್ದ ಜಾಗ ಇದೇ ಇರಬೇಕೆಂದು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಬೆನ್ನಿಗೆ ಏನೋ ಗಟ್ಟಿಯಾಗಿ ಒತ್ತಿತು. ತಿರುಗಿದರೆ ಮಗ್ಗಗಳ ಮೇನ್ ಸ್ವಿಚ್ಚು. ಕಬ್ಬಿಣದ ಡಬ್ಬಿ, ಬದಿಗೆ ಒಂದು ಹಿಡಿ, ತುಕ್ಕು ಹಿಡಿದಿದೆ. ಕೆಳಗೆ ಎಳೆದರೆ ನಾಲ್ಕೂ ಮಗ್ಗ ಒಮ್ಮೆಲೇ ನಿಲ್ಲುತ್ತಿದ್ದವು. ಅಪ್ಪ ದಿನಾ ಎಳೆಯುವುದನ್ನು ನೋಡಿದ್ದೆ.

ಕೈಯಿಂದ ಅಳತೆ ಮಾಡಿದೆ. ಹಿಡಿ ನನ್ನ ಎದೆಯ ಮಟ್ಟಕ್ಕಿದೆ. ನಾಲ್ಕನೆಯ ಇಯತ್ತೆ ಮುಗಿಸಿದ ಹುಡುಗನ ತಲೆಗಿಂತ ಒಂದು ಗೇಣೂ ಮೇಲಿಲ್ಲ.